ಬೆಟ್ಟದ ದಾರಿಗೆ ಎಂಥ ಗಾಲಿ?

ಅಡಿಕೆ, ಕಾಫಿಯ ಲೆಕ್ಕ ಚುಕ್ತಾ ಆಗಿ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಮಲೆನಾಡಿನ ತಾಲ್ಲೂಕು ಪಟ್ಟಣಗಳ ಟಯರು ಅಂಗಡಿಗಳ ಮುಂದೆ ಪಿಕಪ್ ವಾಹನಗಳು ಸಾಲುಗಟ್ಟುತ್ತವೆ. ನಾಲ್ಕೂ ಗಾಲಿಗೆ ಎಳೆತವಿರುವ ಪಿಕಪ್ಪನ್ನು ಹೊಸದಾಗಿಯೋ ಎರಡನೇ ಕೈಯಲ್ಲೋ ಕೊಂಡ ತರುಣರು ಅಲ್ಲಿ ಕೇಳುವ ಮೊದಲ ಪ್ರಶ್ನೆ ಬಹುತೇಕ ಒಂದೇ: ‘ಇದಕ್ಕೆ ಎಷ್ಟು ದೊಡ್ಡ ಟಯರು ಕೂರುತ್ತದೆ?’ ಅಂಗಡಿಯವನಿಗೆ ಅದಕ್ಕೆ ಉತ್ತರ ಗೊತ್ತು. ಗಾಲಿಮನೆಯ ತಗಡನ್ನು ಎಷ್ಟು ಬಡಿದು ಬಗ್ಗಿಸಬೇಕು, ವಾಹನವನ್ನು ಎಷ್ಟು ಎತ್ತರಿಸಬೇಕು, ರಿಮ್ಮು ಎಷ್ಟು ಹೊರಚಾಚಬೇಕು ಎಂಬುದೆಲ್ಲ ಅವನ ಬಾಯಿಪಾಠ. ಆದರೆ ಆ ವಾಹನ ಸಂಜೆ ಮರಳಿ ಏರಬೇಕಾದ ದಾರಿ ಯಾವುದು, ಬೆನ್ನ ಮೇಲೆ ಏನು ಹೊರುತ್ತದೆ ಎಂದು ವಿಚಾರಿಸುವ ಅಂಗಡಿಗಳು ವಿರಳ.

ಪರಿಸರದ ಮಾತಾಡುವ ಪತ್ರಿಕೆಗೆ ಟಯರಿನ ಉಸಾಬರಿ ಏಕೆಂದು ಕೆಲವರಿಗೆ ಅನ್ನಿಸೀತು. ಬಸ್ಸು ಬಾರದ ಊರಿನಲ್ಲಿ ಪಿಕಪ್ಪೇ ಬಸ್ಸು, ಪಿಕಪ್ಪೇ ಲಾರಿ. ಮಳೆಗಾಲದ ನಡುರಾತ್ರಿಯಲ್ಲಿ ಹೆರಿಗೆ ನೋವು ಬಂದವಳನ್ನು ತಾಲ್ಲೂಕು ಆಸ್ಪತ್ರೆಗೆ ಮುಟ್ಟಿಸುವುದೂ ಅದೇ. ಅಂಥ ವಾಹನವೇ ಬೇಡವೆನ್ನುವ ಪರಿಸರವಾದಕ್ಕೆ ಗುಡ್ಡದ ಮೇಲಿನ ಮನೆಗಳಲ್ಲಿ ಕಿವಿಗೊಡುವವರಿಲ್ಲ, ಕೊಡಬೇಕಾಗಿಯೂ ಇಲ್ಲ. ಆದರೆ ಎರಡು ಟನ್ನಿನ ಆ ಯಂತ್ರ ಬೆಟ್ಟವನ್ನು ಮುಟ್ಟುವುದು ನಾಲ್ಕು ಕಡೆ ಮಾತ್ರ. ಅಲ್ಲಿ ಯಾವ ಅಳತೆಯ, ಯಾವ ಜಾತಿಯ ರಬ್ಬರು ಇರುತ್ತದೆ ಎಂಬುದರ ಮೇಲೆ ವಾಹನದ ಆಯುಷ್ಯವೂ ದಾರಿಯ ಆಯುಷ್ಯವೂ ನಿಂತಿವೆ.

ಟಯರಿನ ಪಕ್ಕೆಯ ಮೇಲೆ ಒತ್ತಿರುವ ಅಂಕಿಗಳನ್ನು ಓದಲು ಕಲಿಯುವುದು ಕಷ್ಟವಲ್ಲ. ಏಳನೆಯ ತರಗತಿಯ ಗಣಿತ ಸಾಕು. 245/70 ಆರ್ 16 ಎಂದಿದ್ದರೆ ಟಯರಿನ ಅಗಲ 245 ಮಿಲಿಮೀಟರ್. ಆ ಅಗಲದ ನೂರಕ್ಕೆ ಎಪ್ಪತ್ತರಷ್ಟು, ಎಂದರೆ 171.5 ಮಿ.ಮೀ., ಪಕ್ಕೆಯ ಎತ್ತರ. ‘ಆರ್’ ಎಂಬುದು ಒಳಗಿನ ನೂಲಿನ ಪದರಗಳನ್ನು ಹಾಸಿದ ರೇಡಿಯಲ್ ಕ್ರಮದ ಗುರುತು. 16 ಎಂಬುದು ರಿಮ್ಮಿನ ವ್ಯಾಸ, ಅದು ಇಂಚಿನಲ್ಲಿ. ಮಿಲಿಮೀಟರು, ಶೇಕಡಾ, ಇಂಚು ಮೂರನ್ನೂ ಒಂದೇ ಸಾಲಿನಲ್ಲಿ ಪೋಣಿಸಿದ ಈ ವಿಚಿತ್ರ ಬರಹಕ್ಕೆ ಜಗತ್ತೆಲ್ಲ ಒಗ್ಗಿಕೊಂಡಿದೆ. ಹದಿನಾರು ಇಂಚು ಎಂದರೆ 406.4 ಮಿ.ಮೀ.; ಮೇಲೊಂದು, ಕೆಳಗೊಂದು ಪಕ್ಕೆಯನ್ನು ಕೂಡಿಸಿದರೆ ಗಾಲಿಯ ಒಟ್ಟು ಎತ್ತರ ಸುಮಾರು 749 ಮಿ.ಮೀ. ಈಗ ಅದೇ ವಾಹನಕ್ಕೆ ಅಂಗಡಿಯವನು 265/70 ಆರ್ 17 ಸೂಚಿಸಿದನೆನ್ನಿ. ಅದೇ ಲೆಕ್ಕದಲ್ಲಿ ಅದರ ಎತ್ತರ ಸುಮಾರು 803 ಮಿ.ಮೀ. ಕಣ್ಣಿಗೆ ಹಬ್ಬ. ಹೆಚ್ಚಿದ್ದು 54 ಮಿ.ಮೀ.

ಆದರೆ ನೆಲದಿಂದ ವಾಹನ ಮೇಲೇಳುವುದು ಅದರ ಅರ್ಧದಷ್ಟು, 27 ಮಿ.ಮೀ. ಮಾತ್ರ. ಗಾಲಿಯ ನಡುಬಿಂದುವಿನಲ್ಲಿ ಅಚ್ಚು ಇರುವುದರಿಂದ ಮೇಲಿನರ್ಧದ ಹೆಚ್ಚಳ ಗಾಲಿಮನೆಯೊಳಗೆ ಹೋಗಿ ಸೇರುತ್ತದೆ. ಹತ್ತಾರು ಸಾವಿರ ರೂಪಾಯಿ ಸುರಿದು ಗಳಿಸಿದ್ದು ಒಂದಿಂಚು ಎತ್ತರ. ಆ ಒಂದಿಂಚು ಕಲ್ಲಿನ ದಾರಿಯಲ್ಲಿ ಕೆಲವೊಮ್ಮೆ ಅಚ್ಚನ್ನು ಉಳಿಸುತ್ತದೆ ಎಂಬುದು ನಿಜ. ಬೆಲೆ ತೆರುವುದು ಬೇರೆ ಕಡೆ. ಗಾಲಿಯ ಸುತ್ತಳತೆ ಶೇಕಡಾ ಏಳರಷ್ಟು ಹೆಚ್ಚಿರುವುದರಿಂದ ವೇಗಮಾಪಕದ ಮುಳ್ಳು 60 ತೋರಿಸುವಾಗ ವಾಹನ ನಿಜಕ್ಕೂ 64ಕ್ಕೂ ಮೇಲಿನ ವೇಗದಲ್ಲಿರುತ್ತದೆ. ಎಂಜಿನ್ನು ನೆಲಕ್ಕೆ ಮುಟ್ಟಿಸುವ ಎಳೆತ ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತದೆ. ಮೊದಲನೇ ಗೇರಿನಲ್ಲಿ ಸರಾಗವಾಗಿ ಏರುತ್ತಿದ್ದ ಏರನ್ನು ಈಗ ಕ್ಲಚ್ ಸುಟ್ಟುಕೊಂಡು ಏರಬೇಕು. ಇಳಿಯುವಾಗ ಬ್ರೇಕಿನ ಹಿಡಿತಕ್ಕೂ ಇದೇ ಗತಿ. ದೊಡ್ಡ ಟಯರು ಪ್ರತಿಯೊಂದೂ ಹಲವು ಕಿಲೋ ಹೆಚ್ಚು ತೂಗುತ್ತದೆ, ಆ ತೂಕ ಗಿರಗಿರನೆ ತಿರುಗುವ ತೂಕ. ಆಗುಂಬೆಯ ತಿರುವುಗಳನ್ನು ಅಡಿಕೆ ಹೇರಿಕೊಂಡು ಮಳೆಯಲ್ಲಿ ಇಳಿಯುವವನಿಗೆ ಬ್ರೇಕಿನಲ್ಲಿ ಶೇಕಡಾ ಏಳು ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಭ್ರಮೆ ರಿಮ್ಮಿನದು. ಹದಿನೆಂಟು ಇಂಚಿನ ಹೊಳೆಯುವ ಅಲಾಯ್ ರಿಮ್ಮು ಹಾಕಿಸಿದರೆ ಗಾಲಿ ‘ದೊಡ್ಡದಾಯಿತು’ ಎಂದು ತಿಳಿಯುವವರಿದ್ದಾರೆ. 255/60 ಆರ್ 18 ಟಯರಿನ ಪಕ್ಕೆಯ ಎತ್ತರ 153 ಮಿ.ಮೀ.; ಮೇಲೆ ಹೇಳಿದ ಹದಿನಾರರ ಟಯರಿಗಿಂತ ಹದಿನೆಂಟು ಮಿ.ಮೀ. ಕಡಿಮೆ. ಹೊಂಡದಲ್ಲಿ, ಚೂಪುಗಲ್ಲಿನ ಮೇಲೆ ಪೆಟ್ಟನ್ನು ನುಂಗುವುದು ಈ ಪಕ್ಕೆಯ ರಬ್ಬರು ಮತ್ತು ಒಳಗಿನ ಗಾಳಿ. ಅದನ್ನು ಕಡಿಮೆ ಮಾಡಿ ಲೋಹವನ್ನು ಹೆಚ್ಚಿಸಿದರೆ ಪೆಟ್ಟು ರಿಮ್ಮಿಗೆ ಬೀಳುತ್ತದೆ. ಉಕ್ಕಿನ ರಿಮ್ಮು ಬಗ್ಗಿದರೆ ಊರಿನ ಪಂಕ್ಚರ್ ಅಂಗಡಿಯಲ್ಲೇ ಬಡಿದು ನೇರ ಮಾಡಿಕೊಡುತ್ತಾರೆ. ಅಲಾಯ್ ಬಿರುಕು ಬಿಟ್ಟರೆ ಅದಕ್ಕೆ ಮದ್ದಿಲ್ಲ. ಬೆಟ್ಟದ ದಾರಿಗೆ ಚಿಕ್ಕ ರಿಮ್ಮು, ಎತ್ತರದ ಪಕ್ಕೆ ಹಿತ. ಮಾರಾಟದ ಭರಾಟೆ ಇದಕ್ಕೆ ತಿರುಗುಮುರುಗಾಗಿ ನಡೆದಿದೆ.

ಅಗಲದ ಪ್ರಶ್ನೆ ಇದಕ್ಕಿಂತ ಗಹನವಾದುದು. ಅಗಲ ಹೆಚ್ಚಿದಷ್ಟೂ ಹಿಡಿತ ಹೆಚ್ಚು ಎಂಬ ನಂಬಿಕೆ ಎಲ್ಲೆಡೆ ಇದೆ. ಎರಡನೆಯ ಮಹಾಯುದ್ಧದ ಕೆಸರನ್ನೆಲ್ಲ ತುಳಿದ ವಿಲ್ಲಿಸ್ ಜೀಪಿನ ಟಯರಿನ ಅಳತೆ 6.00-16 ಆಗಿತ್ತು: ಆರಿಂಚು ಅಗಲ, ಹದಿನಾರಿಂಚಿನ ರಿಮ್ಮು. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪನಿ ಆ ಜೀಪನ್ನು ಭಾರತದಲ್ಲಿ ಜೋಡಿಸತೊಡಗಿತು. ಮಲೆನಾಡು ಕೊಡಗುಗಳ ತೋಟದ ದಾರಿಗಳಿಗೆ ಜೀಪು ಒಗ್ಗಿಕೊಂಡದ್ದು ಅಂಥ ತೆಳು ಗಾಲಿಗಳ ಮೇಲೆಯೇ. ಇದಕ್ಕೆ ಕಾರಣ ನೆಲದಲ್ಲಿದೆ. ಮಲೆನಾಡಿನ ಹೆಚ್ಚಿನ ಮಣ್ಣುದಾರಿಗಳಲ್ಲಿ ಕೆಸರು ಮೇಲಿನ ನಾಲ್ಕಾರು ಬೆರಳಿನಷ್ಟು ಮಾತ್ರ. ಕೆಳಗೆ ಜಂಬಿಟ್ಟಿಗೆಯ ಗಟ್ಟಿ ತಳವೋ ಗರಸೋ ಇರುತ್ತದೆ. ತೆಳುವಾದ ಗಾಲಿ ಆ ಕೆಸರನ್ನು ಸೀಳಿ ತಳ ಮುಟ್ಟಿ ಕಚ್ಚಿಕೊಳ್ಳುತ್ತದೆ. ಅಗಲ ಗಾಲಿ ಕೆಸರಿನ ಮೇಲೆ ತೇಲಿ ಜಾರುತ್ತದೆ. ಮರಳುಗಾಡಿನಲ್ಲಿ, ತಳವೇ ಸಿಗದ ಜೌಗಿನಲ್ಲಿ ತೇಲುವುದು ಒಳ್ಳೆಯ ಗುಣ. ಅಗಲ ಟಯರಿನ ಹಿರಿಮೆ ಹುಟ್ಟಿದ್ದು ಅಂಥ ನಾಡುಗಳಲ್ಲಿ. ಎತ್ತರ ನಿಜಕ್ಕೂ ಬೇಕಿದ್ದರೆ ಅಗಲವಿಲ್ಲದೆ ಎತ್ತರ ಪಡೆಯುವ ದಾರಿಯೂ ಉಂಟು. ಲ್ಯಾಂಡ್ ರೋವರ್ ಡಿಫೆಂಡರ್ ವಾಹನಗಳು ಬಳಸಿದ 235/85 ಆರ್ 16 ಟಯರಿನ ಎತ್ತರ 806 ಮಿ.ಮೀ. ಎಂದರೆ ಆ 265ರ ಟಯರಿಗೆ ಎತ್ತರದಲ್ಲಿ ಸಮ, ಅಗಲದಲ್ಲಿ ಮೂವತ್ತು ಮಿ.ಮೀ. ಕಡಿಮೆ.

ಇಲ್ಲಿ ಒಂದು ತೊಡಕನ್ನು ಮರೆಮಾಚುವಂತಿಲ್ಲ. ತಳ ಮುಟ್ಟುವ ತೆಳು ಗಾಲಿ ಮೆತ್ತನೆಯ ನೆಲದಲ್ಲಿ ಆಳವಾದ ಜಾಡನ್ನೂ ಕೊರೆಯುತ್ತದೆ. ಕಬ್ಬಿಣದ ಪಟ್ಟಿ ಬಿಗಿದ ಎತ್ತಿನಗಾಡಿಯ ಗಾಲಿ ದಾರಿಯನ್ನು ಹೇಗೆ ಕೊರೆಯುತ್ತಿತ್ತೆಂಬುದು ಹಿರಿಯರಿಗೆ ನೆನಪಿದೆ. ಹಾಗಾದರೆ ದಾರಿಯ ಹಿತಕ್ಕೆ ಅಗಲ ಟಯರೇ ಮೇಲಲ್ಲವೇ ಎಂದು ವಿದ್ಯಾರ್ಥಿಯೊಬ್ಬ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಉತ್ತರ ಸಿಗುವುದು ಗಾಳಿಯಲ್ಲಿ.

ಎರಡು ಟನ್ ತೂಗುವ ಪಿಕಪ್ಪಿನ ಒಂದೊಂದು ಗಾಲಿಯ ಮೇಲೆ ಸುಮಾರು 500 ಕಿಲೋ ಭಾರ ಬೀಳುತ್ತದೆನ್ನೋಣ. ಟಯರಿನಲ್ಲಿ 35 ಪೌಂಡು ಗಾಳಿಯಿದ್ದರೆ, ಆ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು ಎರಡೂವರೆ ಕಿಲೋ. ಭಾಗಿಸಿದರೆ ಟಯರು ನೆಲವನ್ನು ಮುಟ್ಟುವ ಜಾಗ ಸುಮಾರು 200 ಚದರ ಸೆಂ.ಮೀ.; ಒಂದೂವರೆ ಅಂಚೆ ಕಾರ್ಡಿನಷ್ಟು. ಗಾಳಿಯನ್ನು 20 ಪೌಂಡಿಗೆ ಇಳಿಸಿದರೆ ಅದು 350 ಚದರ ಸೆಂ.ಮೀ. ದಾಟುತ್ತದೆ, ಮೂರು ಕಾರ್ಡಿಗೆ ಸಮೀಪ. ಪಕ್ಕೆಯ ಬಿಗುವಿನಿಂದಾಗಿ ಲೆಕ್ಕ ಇಷ್ಟು ಕರಾರುವಾಕ್ಕಾಗಿ ಕೂಡುವುದಿಲ್ಲವಾದರೂ ತತ್ತ್ವ ಇದೇ. ನೆಲಕ್ಕೆ ತಾಗುವ ಜಾಗವನ್ನು ಮುಖ್ಯವಾಗಿ ತೀರ್ಮಾನಿಸುವುದು ಗಾಳಿಯ ಒತ್ತಡ. ಟಯರಿನ ಅಗಲ ಆ ಜಾಗ ಅಡ್ಡಕ್ಕೋ ಉದ್ದಕ್ಕೋ ಎಂಬುದನ್ನು ನಿರ್ಧರಿಸುತ್ತದೆ. ತೆಳು ಟಯರಿನಲ್ಲಿ ಗಾಳಿ ಇಳಿಸಿದಾಗ ಹೆಜ್ಜೆ ಉದ್ದವಾಗುತ್ತದೆ, ಹಿಡಿತ ಕೂಡುತ್ತದೆ, ನೆಲದ ಮೇಲಿನ ಒತ್ತಡ ಇಳಿಯುತ್ತದೆ. ಖರ್ಚು ಒಂದು ಗಾಳಿಮಾಪಕ ಮತ್ತು ಬ್ಯಾಟರಿಗೆ ಜೋಡಿಸುವ ಸಣ್ಣ ಪಂಪಿನದು. ಅಮೆರಿಕದ ಅರಣ್ಯ ಸೇವೆ 1980 ಮತ್ತು 90ರ ದಶಕಗಳಲ್ಲಿ ಕಾಡಿನ ಮಣ್ಣುರಸ್ತೆಗಳಲ್ಲಿ ನಾಟಾ ಸಾಗಿಸುವ ಲಾರಿಗಳ ಗಾಳಿ ಇಳಿಸಿ ಓಡಿಸಿ ನೋಡಿತು. ರಸ್ತೆಯಲ್ಲಿ ಜಾಡು ಬೀಳುವುದೂ ಅಲ್ಲಿಂದ ಮಣ್ಣು ಕೊಚ್ಚಿಹೋಗುವುದೂ ಗಣನೀಯವಾಗಿ ತಗ್ಗಿದವು.

ಎಚ್ಚರದ ಮಾತೂ ಇದೆ. ಗಾಳಿ ಇಳಿಸಿದ ಟಯರಿನಲ್ಲಿ ನಿಧಾನವಾಗಿಯೇ ಹೋಗಬೇಕು. ಟಾರು ರಸ್ತೆ ತಲುಪುವ ಮೊದಲು ಮತ್ತೆ ತುಂಬಿಸಿಕೊಳ್ಳಬೇಕು. ಇಲ್ಲದಿದ್ದರೆ ಪಕ್ಕೆ ಕಾದು ಸಿಡಿಯುವ ಅಪಾಯವುಂಟು. ಹೇರು ತುಂಬಿದ ವಾಹನದಲ್ಲಿ ಇಪ್ಪತ್ತಕ್ಕೆ ಇಳಿಸುವಂತಿಲ್ಲ. ಟ್ಯೂಬು ಇರುವ ಹಳೆಯ ಟಯರಾದರೆ ರಿಮ್ಮಿನ ಮೇಲೆ ಟಯರು ಜಾರಿ ವಾಲ್ವು ಕಿತ್ತುಬರುತ್ತದೆ.

ಟಯರಿನ ಕಚ್ಚುಗಳ ವಿಷಯವನ್ನು ಚಿಕ್ಕದಾಗಿ ಹೇಳಿದರೆ ಸಾಕು. ದಪ್ಪ ಗುಬ್ಬಿಗಳ ಮಡ್ ಟಯರು ಕೆಸರನ್ನು ಕೊಡವಿಕೊಂಡು ಮುನ್ನುಗ್ಗುತ್ತದೆ. ಒದ್ದೆ ಟಾರಿನ ಮೇಲೆ ಅದರ ಹಿಡಿತ ಕಡಿಮೆ, ಸದ್ದು ಹೆಚ್ಚು, ಸವೆತವೂ ಬೇಗ. ದಿನಕ್ಕೆ ಮೂರು ಮೈಲಿ ಮಣ್ಣು, ಮೂವತ್ತು ಮೈಲಿ ಟಾರು ಓಡುವ ಪಿಕಪ್ಪಿಗೆ ‘ಆಲ್ ಟೆರೇನ್’ ಎಂಬ ನಡುವಿನ ಜಾತಿ ಸಾಕಾಗುತ್ತದೆ. ಮಳೆಗಾಲದ ಆ ನಾಲ್ಕು ಕೆಟ್ಟ ಏರುಗಳಿಗೆ ಊರಿನವರು ಗಾಲಿಗೆ ಸರಪಳಿ ಸುತ್ತುವ ಉಪಾಯವನ್ನು ಬಹುಕಾಲದಿಂದ ಬಲ್ಲರು. ಗಾಲಿಮನೆಯನ್ನು ಕಂಠಪೂರ್ತಿ ತುಂಬಿಕೊಂಡ ದೊಡ್ಡ ಟಯರಿಗೆ ಸರಪಳಿ ಸುತ್ತಲು ಜಾಗವೇ ಉಳಿಯುವುದಿಲ್ಲ ಎಂಬುದು ಬಹಳ ಮಂದಿಗೆ ಹೊಳೆಯುವುದು ಜುಲೈ ತಿಂಗಳಲ್ಲಿ.

ಇನ್ನು ದಾರಿಯ ಪಾಡು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಮಿಗಿಲಾದ ಮಳೆ ಬೀಳುತ್ತದೆ. ಅಂಥ ಮಳೆನಾಡಿನಲ್ಲಿ ಇಳಿಜಾರಿನ ಮೇಲೆ ಎರಡು ಗಾಲಿಯ ಜಾಡು ಬಿತ್ತೆಂದರೆ ಎರಡು ಕಾಲುವೆ ತೋಡಿದಂತೆ. ತುಳಿತದಿಂದ ಗಟ್ಟಿಯಾದ ಜಾಡು ನೀರನ್ನು ಕುಡಿಯುವುದಿಲ್ಲ, ಕೆಳಕ್ಕೆ ಓಡಿಸುತ್ತದೆ. ಗುಬ್ಬಿ ಟಯರು ತಿರುಗುತ್ತ ನಿಂತಲ್ಲೇ ಮಣ್ಣೆತ್ತಿ ಹಾಕಿದ ಜಾಗದಿಂದ ಕೊರೆತ ಶುರುವಾಗುತ್ತದೆ. ಒಂದೆರಡು ಮಳೆಗಾಲದಲ್ಲಿ ಜಾಡು ಮೊಣಕಾಲುದ್ದದ ಕೊರಕಲಾಗಿ, ಬದಿಯ ಧರೆಯ ಬುಡವನ್ನು ತಿಂದು, ಮಣ್ಣೆಲ್ಲ ಹಳ್ಳದ ಪಾಲಾಗುತ್ತದೆ. ಆಗ ಚಾಲಕನು ಆ ಕೊರಕಲನ್ನು ಬಿಟ್ಟು ಪಕ್ಕದ ಹುಲ್ಲಿನ ಮೇಲೆ ಹೊಸ ಜಾಡು ಹಿಡಿಯುತ್ತಾನೆ. ಹೀಗೆ ಒಂದು ದಾರಿ ಮೂರಾಗಿ ಗುಡ್ಡದ ಮೈ ಗೀರುಗೀರಾಗುತ್ತದೆ. ಕುದುರೆಮುಖದ ಗಣಿಯ ಹೂಳು ಭದ್ರೆಗೆ ಸೇರುವುದರ ವಿರುದ್ಧ ವರ್ಷಗಟ್ಟಲೆ ದನಿಯೆತ್ತಿ, 2005ರ ಕೊನೆಗೆ ಆ ಗಣಿಗಾರಿಕೆ ನಿಂತದ್ದನ್ನು ಕಂಡ ನಾಡು ಇದು. ಗಣಿಗೂ ಗಾಲಿಗೂ ಹೋಲಿಕೆ ಅತಿಯಾಯಿತೆನ್ನಬಹುದು, ಪ್ರಮಾಣದಲ್ಲಿ ಅತಿಯೇ ಸರಿ. ಆದರೆ ಮನೆಯ ಹಿಂದಿನ ಕಿರುಹಳ್ಳದಲ್ಲಿ ಹೂಳು ತುಂಬಿ ತೋಟಕ್ಕೆ ನೀರು ನುಗ್ಗಿದವನಿಗೆ ಮಣ್ಣು ಎಲ್ಲಿಂದ ಬಂದಿತೆಂಬ ಪ್ರಮಾಣದ ಚರ್ಚೆ ರುಚಿಸದು.

ಗಿರಿಶಿಖರದ ಹುಲ್ಲುಗಾವಲಿನ ಮಾತು ಬೇರೆಯೇ. ಶೋಲಾ ಕಾಡಿನ ನೆತ್ತಿಯ ಆ ಹುಲ್ಲಿನ ಕೆಳಗೆ ಮಣ್ಣನ್ನು ಹಿಡಿದಿಟ್ಟಿರುವುದು ಬೇರಿನ ಹೆಣಿಗೆ. ಅಲ್ಲಿ ತೆಳು ಟಯರು ಸೀಳುತ್ತದೆ, ಅಗಲ ಟಯರು ಗುಬ್ಬಿಗಳಿಂದ ಕೀಳುತ್ತದೆ. ಆ ನೆಲಕ್ಕೆ ಹೊಂದುವ ಟಯರಿನ ಅಳತೆ ಯಾವ ಕಂಪನಿಯ ಪಟ್ಟಿಯಲ್ಲೂ ಇಲ್ಲ. ಗಾಡಿ ಕೆಳಗೇ ನಿಲ್ಲಬೇಕು. ಕೊಡಚಾದ್ರಿಗೂ ಮಾಂದಲಪಟ್ಟಿಗೂ ಪ್ರವಾಸಿಗಳನ್ನು ಹೊತ್ತೊಯ್ಯುವ ಜೀಪುಗಳ ಚಾಲಕರಿಗೆ ಆ ದಾರಿಯ ಒಂದೊಂದು ಕಲ್ಲೂ ಪರಿಚಿತ. ಅವರ ಹೊಟ್ಟೆಪಾಡಿಗೆ ದಾರಿ ಉಳಿಯಬೇಕಾದುದರಿಂದ ಜಾಡು ಬಿಟ್ಟು ಹುಲ್ಲಿಗಿಳಿಯುವುದರ ನಷ್ಟ ಅವರಿಗೆ ತಟ್ಟುತ್ತದೆ. ವಾರಾಂತ್ಯಕ್ಕೆ ನಗರದಿಂದ ಗುಂಪುಗೂಡಿ ಬಂದು, ಹುಲ್ಲಿನ ಮೇಲೆ ಚಕ್ರಾಕಾರ ಸುತ್ತಿ, ಅದರ ಚಿತ್ರ ಹಂಚಿ ಹೋಗುವವರಿಗೆ ಆ ನಷ್ಟ ತಟ್ಟದು. ದೊಡ್ಡ ಟಯರಿನ ಮೋಹ ಹಳ್ಳಿಯ ಹುಡುಗರಿಗೆ ಅಂಟುತ್ತಿರುವುದು ಆ ಚಿತ್ರಗಳಿಂದಲೇ.

ಸವೆದ ಟಯರಿನ ಪುಡಿಯೂ ಎಲ್ಲಿಗೋ ಹೋಗಲೇಬೇಕು. ಟಯರು ಒಡೆಯದಂತೆ ರಬ್ಬರಿಗೆ ಬೆರೆಸುವ 6ಪಿಪಿಡಿ ಎಂಬ ರಾಸಾಯನಿಕ ಓಜೋನಿನೊಡನೆ ವರ್ತಿಸಿ ಹುಟ್ಟುವ ವಸ್ತುವೊಂದು, ಅಮೆರಿಕದ ವಾಷಿಂಗ್ಟನ್ ರಾಜ್ಯದ ಹೊಳೆಗಳಲ್ಲಿ ಕೋಹೋ ಸಾಲ್ಮನ್ ಮೀನುಗಳನ್ನು ಕೊಲ್ಲುತ್ತಿತ್ತೆಂದು 2020ರ ಡಿಸೆಂಬರಿನಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಮಳೆ ಬಂದಾಗ ರಸ್ತೆಯ ನೀರು ಹೊಳೆಗಿಳಿದು ಮೀನು ಸಾಯುವ ಆ ಒಗಟು ಬಿಡಿಸಲು ವರ್ಷಗಳೇ ಹಿಡಿದವು. ಘಟ್ಟದ ರಸ್ತೆಗಳ ನೀರೆಲ್ಲ ಇಳಿಯುವುದೂ ಹಳ್ಳಗಳಿಗೇ. ಭಾರವಾದ, ಬೇಗ ಸವೆಯುವ ಟಯರು ಈ ಪುಡಿಯನ್ನು ಹೆಚ್ಚು ಉದುರಿಸುತ್ತದೆ.

ಕಾನೂನು ಈ ವಿಷಯದಲ್ಲಿ ಮೃದುವಾಗಿಲ್ಲ. ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಮೋಟಾರು ವಾಹನ ಕಾಯ್ದೆಯ 52ನೆಯ ಕಲಮನ್ನು ಆಧರಿಸಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ತೀರ್ಪಿತ್ತಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ಮಾಲೀಕನಿಗೆ ಐದು ಸಾವಿರ ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡನ್ನೂ ವಿಧಿಸಿತು. ದಂಡಕ್ಕಿಂತ ದೊಡ್ಡ ಭಯ ಅಪಘಾತವಾದಾಗ ವಿಮೆಯವರು ಎತ್ತುವ ತಕರಾರು. ಒಂದು ಮಾದರಿಗೆ ತಯಾರಕರು ಒಪ್ಪಿದ ಟಯರಿನ ಅಳತೆ ಕೈಪಿಡಿಯಲ್ಲೂ ಬಹುತೇಕ ವಾಹನಗಳಲ್ಲಿ ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲೂ ಇರುತ್ತದೆ. ಅದರೊಳಗೆ ಆರಿಸಿಕೊಳ್ಳಲು ಸಾಕಷ್ಟು ಅವಕಾಶವಿದೆ.

ಆರಿಸುವಾಗ ಮೊದಲು ನೋಡಬೇಕಾದ ಅಂಕಿಯನ್ನೇ ಹೆಚ್ಚಿನವರು ನೋಡುವುದಿಲ್ಲ. ಅಳತೆಯ ಮುಂದೆ 109 ಎಸ್, 112 ಎಸ್ ಎಂಬಂತೆ ಬರೆದಿರುತ್ತದೆ. 109 ಎಂದರೆ ಆ ಒಂದು ಟಯರು ಹೊರಬಲ್ಲ ಗರಿಷ್ಠ ಭಾರ 1030 ಕಿಲೋ, 112 ಎಂದರೆ 1120. ಗೊಬ್ಬರದ ಚೀಲ, ಜಂಬಿಟ್ಟಿಗೆ ಕಲ್ಲು ಹೇರುವ ಪಿಕಪ್ಪಿಗೆ ಅಗಲಕ್ಕಿಂತ ಈ ಅಂಕಿ ಮುಖ್ಯ. ಮೂಲ ಟಯರಿಗಿಂತ ಇದು ಕಡಿಮೆಯಿದ್ದರೆ ಎಷ್ಟೇ ಅಂದವಾಗಿದ್ದರೂ ಅದು ಬೇಡ. ಇನ್ನೊಂದು, ನಾಲ್ಕು ಅಂಕಿಗಳ ತಯಾರಿಕೆಯ ದಿನಾಂಕ: 2324 ಎಂದಿದ್ದರೆ 2024ನೆಯ ಇಸವಿಯ 23ನೆಯ ವಾರದ್ದು. ಹಳ್ಳಿಗಿರಾಕಿಗೆ ಹಳೆಯ ದಾಸ್ತಾನು ದಾಟಿಸುವ ಅಂಗಡಿಗಳಿಗೆ ಕೊರತೆಯಿಲ್ಲ. ನಾಲ್ಕೂ ಗಾಲಿಗೆ ಎಳೆತ ಕೊಡುವ ವಾಹನದಲ್ಲಿ ಹಿಂದಕ್ಕೊಂದು ಅಳತೆ, ಮುಂದಕ್ಕೊಂದು ಅಳತೆ ಸಲ್ಲದು. ಎರಡು ಅಚ್ಚುಗಳೂ ಒಂದೇ ಓಟದಲ್ಲಿ ತಿರುಗಬೇಕಾದಾಗ ಸುತ್ತಳತೆಯ ವ್ಯತ್ಯಾಸ ಗೇರುಪೆಟ್ಟಿಗೆಯ ಹಲ್ಲುಗಳ ಮೇಲೆ ಬೀಳುತ್ತದೆ. ಹಣ ಕೂಡದೆ ಎರಡೇ ಟಯರು ಬದಲಿಸುವುದಾದರೆ ಅದೇ ಅಳತೆಯನ್ನೇ ಕೊಳ್ಳಬೇಕು. ಹೆಚ್ಚುವರಿ ಗಾಲಿಯೂ ಅದೇ ಅಳತೆಯದಿರಬೇಕು. ದೊಡ್ಡ ಟಯರು ಹಾಕಿಸಿದವರ ವಾಹನದಡಿ ಅದು ಕೂರದೆ, ಹೇರು ಹೊರಬೇಕಾದ ಜಾಗವನ್ನು ತಾನೇ ಆಕ್ರಮಿಸುತ್ತದೆ.

ಮಲೆನಾಡಿನ ಅನೇಕ ಊರುಗಳಲ್ಲಿ ಕಡಿದಾದ ಏರುಗಳಿಗೆ ಪೂರ್ತಿ ಕಾಂಕ್ರೀಟು ಹಾಕುವ ಬದಲು ಗಾಲಿ ಓಡುವಷ್ಟಕ್ಕೆ ಎರಡು ಪಟ್ಟಿ ಹಾಸುವ ಪದ್ಧತಿಯಿದೆ. ಖರ್ಚು ಕಡಿಮೆ, ನಡುವಿನ ಹುಲ್ಲು ಮಳೆನೀರನ್ನು ಹೀರುತ್ತದೆ. ಅಲ್ಲಲ್ಲಿ ಒಂದು ಅಡ್ಡಗಾಲುವೆ ತೋಡಿ ನೀರನ್ನು ಪಕ್ಕದ ಕಾಡಿಗೆ ತಿರುಗಿಸಿದರೆ ಇಂಥ ದಾರಿ ಬಹುಕಾಲ ಬಾಳುತ್ತದೆ. ಈ ಪಟ್ಟಿಗಳನ್ನು ಹಾಸಿದ್ದು ಸಾಧಾರಣ ಜೀಪು ಪಿಕಪ್ಪುಗಳ ಗಾಲಿಯಂತರಕ್ಕೆ. ಹೊರಚಾಚಿದ ರಿಮ್ಮು, ಅಗಲ ಟಯರು ಹಾಕಿಸಿದ ವಾಹನದ ಗಾಲಿ ಪಟ್ಟಿಯ ಹೊರ ಅಂಚಿನಲ್ಲಿ ಓಡಿ ಅಂಚನ್ನು ಒಡೆಯುತ್ತದೆ; ಒಡೆದಲ್ಲಿ ನೀರು ನುಗ್ಗಿ ಪಟ್ಟಿಯಡಿಯ ಮಣ್ಣನ್ನು ಒಯ್ಯುತ್ತದೆ. ಊರೊಟ್ಟಿನ ಶ್ರಮದಾನದಲ್ಲಿ ಕಲ್ಲು ಹೊತ್ತು ಹಾಸಿದ ಪಟ್ಟಿ ಹೀಗೆ ಒಡೆದಾಗ ಅದನ್ನು ಯಾರು ಸರಿಪಡಿಸಬೇಕೆಂಬುದು ಗ್ರಾಮಸಭೆಯಲ್ಲಿ ಕೇಳಬೇಕಾದ ಪ್ರಶ್ನೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಯಾವ ದಾರಿಯಲ್ಲಿ ಯಾವ ವಾಹನ ಹೋಗಬಹುದು, ಜಡಿಮಳೆಯ ಮರುದಿನ ಯಾವ ಏರನ್ನು ಮುಚ್ಚಬೇಕು, ರೋಗಿಯನ್ನು ಒಯ್ಯುವ ಗಾಡಿಗೆ ಯಾವಾಗಲೂ ತೆರೆದಿರಬೇಕಾದ ದಾರಿ ಯಾವುದು ಎಂಬುದನ್ನೂ ಅದೇ ಸಭೆಯಲ್ಲಿ, ಮಳೆ ಹಿಡಿಯುವ ಮೊದಲೇ, ಬರೆದಿಟ್ಟುಕೊಳ್ಳಬಹುದು.